ಉಸಿರು ಕಟ್ಟಿದಾಗ ಒಂದು ರಕ್ತಪರೀಕ್ಷೆ

ಕುಣಿಗಲ್ಲಿನ ನಮ್ಮ ಅಕ್ಕನವರಿಗೆ 70ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಕೆಲವು ದಿನಗಳಲ್ಲಿ, ಒಂದು ಬೆಳಗಿನ ಜಾವ, ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ‘ವಾಯು ಇರಬೇಕು’ ಎಂದು ಮನೆಯವರು ಓಮಿನ ಕಷಾಯ ಕುಡಿಸಿದರು. ಒಂದು ಕಾಲು ಬಾತಿರುವುದನ್ನು ಸೊಸೆ ಕಂಡು ಹಟ ಹಿಡಿದುದರಿಂದ ಅವರನ್ನು ತುಮಕೂರಿಗೆ ಕರೆತಂದರು; ಅಕ್ಕ ಉಳಿದರು. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಕಳಚಿ, ಹೃದಯವನ್ನು ಹಾದು, ಶ್ವಾಸಕೋಶದ ನಾಳವನ್ನು ಅಡ್ಡಗಟ್ಟಿತ್ತು. ವೈದ್ಯರು ಇದನ್ನು ‘ಪಲ್ಮನರಿ ಎಂಬಾಲಿಸಂ’ ಎನ್ನುತ್ತಾರೆ.

ಅದೇ ತಿಂಗಳು ಗುಬ್ಬಿಯ ಬಂಧುಗಳ ಮಗನಿಗೆ ಎದೆನೋವು ಬಂದಾಗ, ವೈದ್ಯರು ಪರೀಕ್ಷಿಸಿ, ಇ.ಸಿ.ಜಿ. ತೆಗೆಸಿ, ‘ಡಿ-ಡೈಮರ್’ ಎಂಬ ರಕ್ತಪರೀಕ್ಷೆ ಮಾಡಿಸಿ, ಸ್ಕ್ಯಾನ್ ಬೇಡವೆಂದು ಕಳುಹಿಸಿದರು. ಅಕ್ಕನಿಗೆ ಮಾತ್ರ ಅದನ್ನು ಬಿಟ್ಟು ನೇರವಾಗಿ ಸಿ.ಟಿ. ಸ್ಕ್ಯಾನ್ ಏಕೆ ಎಂಬುದು ಮನೆಯವರ ಪ್ರಶ್ನೆ.

ಶರೀರವು ಹೆಪ್ಪನ್ನು ಕರಗಿಸತೊಡಗಿದಾಗ ಅದರೊಳಗಿನ ಫೈಬ್ರಿನ್ ಎಂಬ ನಾರು ಒಡೆದು ಬರುವ ತುಣುಕೇ ಡಿ-ಡೈಮರ್. ಮಠದ ಪಾಠಶಾಲೆಯಲ್ಲಿ ‘ತರ್ಕಸಂಗ್ರಹ’ ಓದಿದವರಿಗೆ ಇದರ ನ್ಯಾಯ ಸುಲಭವಾಗಿ ತಿಳಿಯುವುದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿಲ್ಲದ ಕೆರೆಯಲ್ಲಿ ಹೊಗೆಯಿಲ್ಲ. ಆದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಇಲ್ಲಿ ಹೆಪ್ಪು ಹೊಗೆಯಂತೆ, ಡಿ-ಡೈಮರ್ ಬೆಂಕಿಯಂತೆ. ಅದು ಏರದಿದ್ದರೆ, ಸಂಶಯ ಅಲ್ಪವಾಗಿರುವ ರೋಗಿಯಲ್ಲಿ ಹೆಪ್ಪಿಲ್ಲವೆನ್ನಬಹುದು. ಏರಿದ ಮಾತ್ರಕ್ಕೆ ಹೆಪ್ಪಿದೆಯೆನ್ನಲಾಗದು. ಶಸ್ತ್ರಚಿಕಿತ್ಸೆ, ಬಸಿರು, ಸೋಂಕು, ಕ್ಯಾನ್ಸರ್, ಮುಪ್ಪು ಇವೂ ಅದನ್ನು ಏರಿಸುತ್ತವೆ. ಅಕ್ಕನಲ್ಲಿ ಸಂಶಯವೇ ಬಲವಾಗಿತ್ತು. ಆ ಪರೀಕ್ಷೆಯಿಂದ ಹೊತ್ತು ಕಳೆಯುತ್ತಿತ್ತೇ ಹೊರತು ನಿರ್ಣಯ ದೊರೆಯುತ್ತಿರಲಿಲ್ಲ.

ಸಾಮಾನ್ಯ ಮಿತಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ. 2014ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನವೊಂದು, 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿದ ಮಿತಿಯೂ ಸುರಕ್ಷಿತವೆಂದು ತೋರಿತು: 65ಕ್ಕೆ 650. ಇದರಿಂದ ಅನೇಕ ಹಿರಿಯರಿಗೆ ಅನಗತ್ಯ ಸ್ಕ್ಯಾನ್ ತಪ್ಪುತ್ತದೆ. ಆದರೆ ಪ್ರಯೋಗಾಲಯಗಳ ಅಳತೆಗಳು ಬೇರೆಬೇರೆಯಾದುದರಿಂದ ವರದಿಯನ್ನು ವೈದ್ಯರೇ ಓದಬೇಕು. ಟ್ರೋಪೋನಿನ್, ಬಿ.ಎನ್.ಪಿ. ಎಂಬ ಬೇರೆ ರಕ್ತಪರೀಕ್ಷೆಗಳು, ಹೆಪ್ಪು ಖಚಿತವಾದ ಮೇಲೆ, ಹೃದಯಕ್ಕೆ ಬಿದ್ದಿರುವ ಭಾರವನ್ನು ತಿಳಿಸುತ್ತವೆ.

ಬಂಧುಗಳೇ, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ದೀರ್ಘಕಾಲದ ಹಾಸಿಗೆವಾಸದ ನಂತರ ಹಠಾತ್ ಉಸಿರಾಟದ ತೊಂದರೆ, ಉಸಿರೆಳೆದಾಗ ಚುಚ್ಚುವ ಎದೆನೋವು, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲಿನ ಬಾವು ಕಂಡರೆ ಕಷಾಯ ಕಾಯಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು ಮಾತ್ರ. ಮನೆಯಲ್ಲಿ ನಾವು ಕಳೆಯುವ ಹೊತ್ತೇ ದೂರವಾದುದು.