ಶರಾವತಿಯ ಸಮೋನ್ನತಿ ರೇಖೆಗಳು

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಉದ್ಭವಿಸಿ, ಹೊಸನಗರದ ಮಲೆಗಳ ನಡುವೆ ಹರಿದು, ಸಾಗರದ ಪಶ್ಚಿಮಕ್ಕೆ ಜೋಗದ ಬಂಡೆಯಿಂದ 830 ಅಡಿ ಧುಮುಕುವ ಶರಾವತಿಯ ಪಥವನ್ನು ಒಂದೇ ಹಾಳೆಯಲ್ಲಿ ನೋಡಬಯಸಿ ಸರ್ವೆ ಆಫ್ ಇಂಡಿಯಾದ ಭೂಪಟಗಳನ್ನು ಬಿಚ್ಚಿದವನಿಗೆ ಆಶಾಭಂಗವೇ ಗತಿ. ಹಾಳೆಗಳ ಅಂಚುಗಳಾದ ಹದಿನಾಲ್ಕನೆಯ ಅಕ್ಷಾಂಶವೂ ಎಪ್ಪತ್ತೈದನೆಯ ರೇಖಾಂಶವೂ ಈ ಸೀಮೆಯಲ್ಲಿಯೇ ಪರಸ್ಪರ ಛೇದಿಸುವುದರಿಂದ, ತೀರ್ಥಹಳ್ಳಿ ಹೊಸನಗರಗಳು 48-ಓ ಸಂಖ್ಯೆಯ ಹಾಳೆಗೂ, ಸಾಗರ ಪಟ್ಟಣವು 48-ಎನ್‌ಗೂ, ಜೋಗವು 48-ಜೆಗೂ ಹಂಚಿಹೋಗಿವೆ. ಭೂಪಟಕಾರನ ಗೆರೆಗೆ ನದಿಯ ಹಂಗಿಲ್ಲ.

ಈ ಭೂಪಟಗಳ ಬುನಾದಿಯಾಗಿ 1802ರಲ್ಲಿ ಮದರಾಸಿನ ಬಳಿ ಮೋಜಣಿಗಾರ ಲ್ಯಾಂಬ್ಟನ್ನನು ಆರಂಭಿಸಿದ ತ್ರಿಕೋನಮಾಪನವು ಶಿಖರದಿಂದ ಶಿಖರಕ್ಕೆ ದೃಷ್ಟಿ ಹಾಯಿಸಿ ಮುಂದುವರಿಯುವಂಥದು. ಆದರೆ ನಿತ್ಯಹರಿದ್ವರ್ಣದ ಕಾನಿನೊಳಗೆ ಪ್ಲೇನ್ ಟೇಬಲನ್ನು ಹೊತ್ತು ಹೊಕ್ಕ ಮೋಜಣಿದಾರನಿಗೆ ಹತ್ತು ಮಾರು ಆಚೆಯ ನೆಲವೇ ಕಾಣದು.

ಭೂಪಟದ ನಿಜವಾದ ಕೌತುಕವಿರುವುದು ಅದರ ಕಂದು ಗೆರೆಗಳಲ್ಲಿ. ಸಮುದ್ರಮಟ್ಟದಿಂದ ಸಮಾನ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಕೂಡಿಸುವ ಸಮೋನ್ನತಿ ರೇಖೆಗಳು ಜೋಗದ ಕಮರಿಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಬಂಡೆಯ ಕಡಿದಾದ ಮುಖವನ್ನು ತೋರಿದರೆ, ಅದರ ಮೇಲ್ಭಾಗದ ಕಣಿವೆಯಲ್ಲಿ ದೂರದೂರ ಸರಿದು, ವಿಶಾಲವಾದ ಇಳಿಜಾರಿಲ್ಲದ ನೆಲವನ್ನು ಸೂಚಿಸುತ್ತವೆ. ಮೊದಲನೆಯದು ವಿದ್ಯುತ್ತಿನ ಸೂಚನೆ. ಎರಡನೆಯದು ಜಲಾಶಯದ್ದು, ಮುಳುಗಡೆಯದೂ ಕೂಡ. ಇಂತಹ ಕಣಿವೆಯಲ್ಲಿ ನೀರನ್ನು ಒಂದಡಿ ಏರಿಸಿದರೂ ದಡವು ಹೊಲ, ತೋಟ, ಅಂಗಳಗಳನ್ನು ದಾಟಿ ಬಹುದೂರ ಸರಿಯುವುದು. ಪ್ರತಿಯೊಂದು ರೇಖೆಯೊಳಗಿನ ವಿಸ್ತೀರ್ಣವನ್ನು ಪ್ಲಾನಿಮೀಟರಿನ ಗಾಲಿಯಿಂದ ಅಳೆದು, ಎರಡು ರೇಖೆಗಳ ಸರಾಸರಿಯನ್ನು ಅವುಗಳ ಎತ್ತರದ ಅಂತರದಿಂದ ಗುಣಿಸುತ್ತ ಹೋದರೆ, ಹನಿ ನೀರು ನಿಲ್ಲುವ ಮೊದಲೇ ಜಲಾಶಯದ ಪ್ರಮಾಣವು ಕಾಗದದ ಮೇಲೆ ತಿಳಿದುಬಿಡುವುದು.

ಈ ಕಣಿವೆಗೆ ಅಡ್ಡಲಾಗಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ನೀರಿನ ಮಟ್ಟ 1819 ಅಡಿ. ಐವತ್ತೈವತ್ತು ಅಡಿಗೊಂದರಂತೆ ಗೆರೆ ಎಳೆದ, ಮೈಲಿಗೊಂದು ಅಂಗುಲದ ಹಳೆಯ ಭೂಪಟದಲ್ಲಿ ಈ ಸಂಖ್ಯೆಯ ರೇಖೆಯೇ ಇಲ್ಲ; 1800ಕ್ಕೂ 1850ಕ್ಕೂ ನಡುವೆ ಎಲ್ಲಿಯೋ ಅದು ಅಡಗಿದ್ದಿತು, ಮತ್ತು ಯಾರ ಮನೆ ಉಳಿಯುವುದು, ಯಾರದು ಮುಳುಗುವುದೆಂಬುದು ನೆಲದ ಮೇಲೆ ಲೆವೆಲ್ ಯಂತ್ರವನ್ನಿಟ್ಟು ಆ ಅದೃಶ್ಯ ರೇಖೆಯನ್ನು ಹುಡುಕಿದ ಮೇಲೆಯೇ ನಿಶ್ಚಿತವಾಗುವಂತಿತ್ತು. ಹೊಸ ಹಾಳೆಗಳಲ್ಲಿ ಆ ರೇಖೆಯು ನೀಲಿಯ ಅಂಚಾಗಿದೆ. ಹಿಂದೆ ಗುಡ್ಡವೆಂದು ಕಂದು ಸುತ್ತುಗಳಿದ್ದಲ್ಲಿ ಈಗ ದ್ವೀಪಗಳಿವೆ. ಮಡೆನೂರಿನ ಬಳಿ ಇಂಜಿನಿಯರ್ ಗಣೇಶ ಅಯ್ಯರರು ರೂಪಿಸಿದ ಸೈಫನ್ನುಗಳಿದ್ದ, ಲಿಂಗನಮಕ್ಕಿಗೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀಲಿಯ ಅಡಿಗೆ ಸೇರಿತು. ಮಳೆ ಕೈಕೊಟ್ಟ ವರ್ಷ, ಬೇಸಗೆಯ ಕೊನೆಗೆ, ಅದರ ತಲೆಯು ನೀರಿನಿಂದ ಮೇಲೆದ್ದು ತೋರುವುದುಂಟು. ಆಗ ಅದರ ಆಸುಪಾಸಿನ ಊರುಗಳ ಹೆಸರನ್ನು ಓದಬೇಕೆಂದರೆ ಹಳೆಯ ಹಾಳೆಯನ್ನೇ ಬಿಡಿಸಿ ನೋಡಬೇಕು.