ಸಹಕಾರವನ್ನೂ ಓದಿ ಕಲಿಯಬೇಕು



ಹಾಲಿನ ಡೇರಿ, ನೇಕಾರರ ಸಂಘ, ಪತ್ತಿನ ಸಂಘ, ಪಟ್ಟಣ ಸಹಕಾರ ಬ್ಯಾಂಕು ಇವುಗಳಲ್ಲಿ ಒಂದಲ್ಲ ಒಂದರ ನಂಟು ನಮ್ಮಲ್ಲಿ ಬಹಳ ಮನೆಗಳಿಗಿದೆ. ಆದರೆ ಸಹಕಾರ ಎಂಬುದು ಓದಿ ಕಲಿಯುವ ವಿಷಯವೂ ಹೌದು ಎಂಬುದು ನಮ್ಮ ಮಕ್ಕಳ ಗಮನಕ್ಕೆ ಬರುವುದು ಕಡಿಮೆ. ಅದಕ್ಕಾಗಿ ಈ ಬರಹ.

ಟ್ರಸ್ಟ್ ಮತ್ತು ಸಹಕಾರ ಸಂಘ

ಲಾಭವನ್ನೇ ಗುರಿಯಾಗಿಸಿಕೊಳ್ಳದೆ ಜನರ ಅಗತ್ಯಕ್ಕಾಗಿ ನಡೆಯುವ ಸಂಸ್ಥೆಗಳನ್ನು ಒಟ್ಟಾಗಿ ಸಾಮಾಜಿಕ ಅರ್ಥವ್ಯವಸ್ಥೆ ಎನ್ನುತ್ತಾರೆ. ನಮ್ಮಂಥ ಟ್ರಸ್ಟುಗಳೂ ಸಹಕಾರ ಸಂಘಗಳೂ ಇದರೊಳಗೆ ಬರುತ್ತವೆ. ವ್ಯತ್ಯಾಸ ಇಷ್ಟೇ: ಟ್ರಸ್ಟಿನಲ್ಲಿ ದಾನಿ ಕೊಡುತ್ತಾರೆ, ಟ್ರಸ್ಟಿಗಳು ನಿರ್ಧರಿಸುತ್ತಾರೆ. ಸಹಕಾರ ಸಂಘದಲ್ಲಿ ಬಳಸುವವರೇ ಒಡೆಯರು. ಷೇರು ಹೆಚ್ಚಿದ್ದರೂ ಕಡಿಮೆ ಇದ್ದರೂ ಒಬ್ಬರಿಗೆ ಒಂದೇ ಮತ.

ಕಲಿಕೆ ಮೊದಲಿನಿಂದಲೂ ಇತ್ತು

1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ನೇಕಾರರೂ ಇತರ ಕುಶಲಕರ್ಮಿಗಳೂ ಸೇರಿ 28 ಮಂದಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಅಲ್ಲಿನ ಸರಕು. ಕೆಲವೇ ವರ್ಷಗಳಲ್ಲಿ ಅವರು ಲಾಭದ ಶೇಕಡಾ 2.5 ಭಾಗವನ್ನು ಸದಸ್ಯರ ಶಿಕ್ಷಣಕ್ಕೆ ಎತ್ತಿಟ್ಟು, ವಾಚನಾಲಯ, ಗ್ರಂಥಾಲಯ ನಡೆಸಿದರು. ಇಂದಿಗೂ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ. ನಮ್ಮ ನಾಡಿನದೂ ಹಳೆಯ ಪರಂಪರೆಯೇ: 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ನೀರಾವರಿ ಕಾಲುವೆ, ಮೀನುಗಾರಿಕೆ, ಹುಲ್ಲುಗಾವಲುಗಳನ್ನು ಜನರೇ ಸೇರಿ ನಿಭಾಯಿಸುವುದನ್ನು ಅಧ್ಯಯನ ಮಾಡಿದರು. ಬಳಸುವವರೇ ನಿಯಮ ರೂಪಿಸುವ, ಮೇಲ್ವಿಚಾರಕರು ಬಳಸುವವರಿಗೇ ಉತ್ತರ ಕೊಡಬೇಕಾದ ವ್ಯವಸ್ಥೆಗಳು ಬಹುಕಾಲ ಬಾಳಿದ್ದನ್ನು ಅವರು ಕಂಡರು.

ಸದಸ್ಯರು ಕೇಳಬೇಕಾದದ್ದು

ಲೆಕ್ಕ ಓದದ ಸದಸ್ಯ ಹೆಸರಿಗೆ ಮಾತ್ರ ಒಡೆಯ. ಮಗಳ ಮದುವೆಗೆಂದೋ ಮಗನ ಓದಿಗೆಂದೋ ಕೂಡಿಟ್ಟ ಹಣ ಸಂಘದಲ್ಲಿ ಸಿಕ್ಕಿಬಿದ್ದ ಮೇಲೆ ಓಡಾಡುವುದಕ್ಕಿಂತ ವಾರ್ಷಿಕ ಮಹಾಸಭೆಗೆ ಹೋಗಿ ಕೇಳುವುದು ಲೇಸು: ಆಡಿಟ್ ಆಗಿದೆಯೇ? ವಸೂಲಾಗದ ಸಾಲ ಎಷ್ಟು? ಆಡಳಿತ ಮಂಡಳಿಯವರೂ ಅವರ ಬಂಧುಗಳೂ ಪಡೆದ ಸಾಲ ಎಷ್ಟು? ಇನ್ನೊಂದು ಮಾತು ನೆನಪಿರಲಿ. ಸಹಕಾರ ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರರಿಗೆ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲ.

ಬಡ್ಡಿಯ ಕಾರಣಕ್ಕೆ ಸಂಘವೆಂದರೆ ದೂರ ಉಳಿಯುವ ಕುಟುಂಬಗಳೂ ನಮ್ಮಲ್ಲಿವೆ. ಸಾಲ ಕೊಡುವುದು ಸಹಕಾರದ ಒಂದು ಬಗೆ ಮಾತ್ರ. ಕೈಮಗ್ಗ, ಹಾಲು, ಮೀನು, ಹೊಲಿಗೆ ಕೆಲಸಗಳಲ್ಲಿ ಕೂಡಿ ಕೊಂಡು, ಕೂಡಿ ಮಾರುವ ಸಂಘಗಳೂ ಇವೆ.

ಎಲ್ಲಿ ಓದಬಹುದು

ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ತರಬೇತಿ ಸಂಸ್ಥೆಗಳಲ್ಲಿ ಸಹಕಾರ ನಿರ್ವಹಣೆಯ ಡಿಪ್ಲೊಮಾ ಇದೆ. ಪುಣೆಯಲ್ಲಿ ವೈಕುಂಠ ಮೆಹತಾ ರಾಷ್ಟ್ರೀಯ ಸಹಕಾರ ನಿರ್ವಹಣಾ ಸಂಸ್ಥೆ ಇದೆ. ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆಯೇ 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಬಿ.ಕಾಂ., ಬಿ.ಎ. ಓದುತ್ತಿರುವ ಮಕ್ಕಳು ಮುಂದಿನ ದಾರಿ ಆರಿಸುವಾಗ ಇವುಗಳ ಪ್ರವೇಶ ನಿಯಮಗಳನ್ನೂ ಒಮ್ಮೆ ವಿಚಾರಿಸಲಿ.

ದಾನಿಗಳ ಹಣದಿಂದ ಒಂದು ಮಗು ಓದಿದರೆ ಒಂದು ಮನೆ ನಿಲ್ಲುತ್ತದೆ. ಆ ಮಗು ಲೆಕ್ಕ ಬಲ್ಲ ಸಹಕಾರಿಯಾದರೆ, ಇಂದು ನೆರವಿಗೆ ಅರ್ಜಿ ಹಾಕುವ ಹಲವು ಮನೆಗಳು ನಾಳೆ ತಮ್ಮ ದುಡಿಮೆಯನ್ನು ತಾವೇ ಕಾಯ್ದುಕೊಳ್ಳಬಲ್ಲವು. ಪೋಷಕರು ಈ ವಿಷಯವನ್ನು ಮಕ್ಕಳೊಡನೆ ಕುಳಿತು ಮಾತನಾಡಬೇಕೆಂದು ಕೋರುತ್ತೇವೆ.