ಮಗು ತೊಟ್ಟಿಲಲ್ಲಿರಲಿ, ಕಣ್ಣು ಬಾಣಂತಿಯ ಮೇಲಿರಲಿ

ಜೆ.ಪಿ. ನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತ, 35 ದಾಟಿದ ಚೊಚ್ಚಲ ಬಸುರಿಗೆ ಬಿಪಿ, ಶುಗರ್‌ನದೇ ಚಿಂತೆ. ಜಯನಗರ 4ನೇ ಟಿ ಬ್ಲಾಕಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಹಿಡಿದು ನಿಂತ, ಮನೆಗೆಲಸ ಮಾಡುವ 20ರ ಹುಡುಗಿಗೆ ರಕ್ತವೇ ಸಾಲದು. ಒಬ್ಬೊಬ್ಬರದು ಒಂದೊಂದು ತೊಂದರೆ. ಹೆರಿಗೆ ಆಯಿತೆಂದು ಇಬ್ಬರ ಮನೆಯವರೂ ನಿಟ್ಟುಸಿರು ಬಿಡುವ ಹೊತ್ತಿಗೆ ಅಪಾಯದ ಇನ್ನೊಂದು ಸುತ್ತು ಶುರುವಾಗಿರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ಎಚ್ಚರಿಕೆ, 7ಕ್ಕಿಂತ ಇಳಿದರೆ ತುರ್ತು. 75 ಗ್ರಾಂ ಗ್ಲುಕೋಸ್ ಕುಡಿದ ಎರಡು ಗಂಟೆಯ ನಂತರ ಸಕ್ಕರೆ 140 ಮುಟ್ಟಿದರೆ ಗರ್ಭಿಣಿ ಮಧುಮೇಹ. 20 ವಾರದ ಮೇಲೆ ಬಿಪಿ 140/90 ತಲುಪಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಫಿಟ್ಸ್‌ವರೆಗೂ ಹೋಗಬಹುದಾದ ಕಾಯಿಲೆ. ಚೊಚ್ಚಲು, ಅವಳಿ, ಬೊಜ್ಜು, ಮೊದಲೇ ಇದ್ದ ಬಿಪಿ ಅಥವಾ ಮಧುಮೇಹ ಅದಕ್ಕೆ ದಾರಿ ಮಾಡಿಕೊಡುತ್ತವೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಯಲ್ಲಿ ಇಂಥವರ ಕಾರ್ಡಿಗೆ ಕೆಂಪು ಸ್ಟಿಕರ್ ಅಂಟಿಸುತ್ತಾರೆ.

ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಪರಿಹಾರ ತೋರಿಸಿದ್ದರಲ್ಲಿ ನಮ್ಮ ಬೆಳಗಾವಿಯೂ ಇದೆ. ಅಲ್ಲಿನ ಹಳ್ಳಿಗಳಲ್ಲಿ 2002ರಿಂದ 2005ರವರೆಗೆ 1,620 ಮಹಿಳೆಯರ ಅಧ್ಯಯನ ನಡೆಯಿತು. ಹೆರಿಗೆ ಮಾಡಿಸುವ ಎಎನ್‌ಎಂಗಳು ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಬಾಣಂತಿಯ ಕೆಳಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಸಿ, ಹರಿದ ರಕ್ತವನ್ನು ಮಿಲಿಲೀಟರ್ ಲೆಕ್ಕದಲ್ಲಿ ಓದಿದರು. ಮಾತ್ರೆ ತೆಗೆದುಕೊಳ್ಳದವರಲ್ಲಿ ಶೇ 12ರಷ್ಟಿದ್ದ ಅತಿ ರಕ್ತಸ್ರಾವ, ತೆಗೆದುಕೊಂಡವರಲ್ಲಿ ಶೇ 6.4ಕ್ಕೆ ಇಳಿಯಿತು. ಕಣ್ಣಂದಾಜಿಗೆ ಬಿಡದೆ ಅಳೆದದ್ದರಿಂದಲೇ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು.

ಮನೆಯ ಬಾಣಂತನದಲ್ಲಿ ಅಳೆಯುವವರು ಯಾರು? ಎಣ್ಣೆ-ನೀರು, ಮೆಣಸಿನ ಸಾರು, ವಿಶ್ರಾಂತಿ ಎಲ್ಲ ಸರಿ. ಆದರೆ ನೀರು ಕುಡಿಯಬೇಡ, ಸೊಪ್ಪು ತಿನ್ನಬೇಡ, ಹಾಸಿಗೆ ಬಿಟ್ಟು ಏಳಬೇಡ ಎನ್ನುವ ಕಟ್ಟುಪಥ್ಯದಿಂದ ರಕ್ತಹೀನತೆ ಹೆಚ್ಚುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇರುತ್ತದೆ. ಬಿಪಿಯಂತೂ ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ ತುತ್ತತುದಿಗೆ ಏರುತ್ತದೆ. ಅಷ್ಟರಲ್ಲಿ ಎಷ್ಟೋ ಬಾಣಂತಿಯರು ಡಿಸ್ಚಾರ್ಜ್ ಆಗಿರುತ್ತಾರೆ. ತಲೆ ಸಿಡಿಯುತ್ತಿದೆ ಎಂದರೆ ‘ನಿದ್ದೆಗೆಟ್ಟಿದ್ದಕ್ಕೆ’ ಎಂದು ಸಮಾಧಾನ ಹೇಳಿ ಮಲಗಿಸುತ್ತೇವೆ.

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ಸ್ರಾವ, ಚಳಿಜ್ವರ, ಒಂದೇ ಮೀನಖಂಡದ ಊತ, ಉಬ್ಬಸ, ಬದುಕೇ ಬೇಡವೆನ್ನುವ ಮಾತು – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಬಿಪಿ ಇದ್ದವರನ್ನು ಮೊದಲ ಹತ್ತು ದಿನದೊಳಗೆ ಮತ್ತೆ ತೋರಿಸಬೇಕು. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸುವುದನ್ನು ಯಾರೂ ಮರೆಯುವುದಿಲ್ಲ. ಅದೇ ದಿನ ತಾಯಿಯ ಬಿಪಿ, ಹಿಮೋಗ್ಲೋಬಿನ್ ನೋಡಿಸಿ; ಬಸುರಿನಲ್ಲಿ ಸಕ್ಕರೆ ಇದ್ದವರಿಗೆ ಗ್ಲುಕೋಸ್ ಪರೀಕ್ಷೆಯನ್ನೂ ಮಾಡಿಸಿ. ಆಟೋ ಬಾಡಿಗೆ ಒಂದೇ ಸಲದ್ದು.